ತಿರುಗಿಸಿ ಹಾಕಿದ ಲೇಖನಗಳು

ಭಾನುವಾರ ಬೆಳಿಗ್ಗೆ ಬೇರೆಯವರ ಮನೆಗಳಲ್ಲಿ ಜನ ಹಾಸಿಗೆ ಬಿಟ್ಟು ಏಳುವುದಿಲ್ಲ. ನಮ್ಮ ಮನೆಯಲ್ಲಿ ಹಾಸಿಗೆಯೇ ಏಳುತ್ತದೆ. ಮಾವನವರ ಕೋಣೆಯ ಜೋಡಿ ಹಾಸಿಗೆಯನ್ನು ಪ್ರತಿ ವಾರ ತಿರುಗಿಸಿ ಹಾಕಬೇಕು. ತಲೆಯ ಕಡೆ ಇದ್ದದ್ದು ಕಾಲಿನ ಕಡೆಗೆ, ಕಾಲಿನ ಕಡೆ ಇದ್ದದ್ದು ತಲೆಯ ಕಡೆಗೆ. ಅವರೇ ಕೈಯಾರೆ ಹೊಲಿದ ಹತ್ತಿ ಹಾಸಿಗೆ ಅದು, ಹೆಣಭಾರ. ಒಂದು ತುದಿಗೆ ನಮ್ಮವರು, ಇನ್ನೊಂದು ತುದಿಗೆ ನಾನು. ನಡುವೆ ನಿಂತು "ಮೆಲ್ಲಗೆ, ಮೆಲ್ಲಗೆ" ಅನ್ನುವುದು ಮಾವನವರ ಪಾಲಿನ ಕೆಲಸ.

ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ಭಾನುವಾರ ಕೇಳಿಯೇ ಬಿಟ್ಟೆ.

"ಮಾವ, ಅಂಗಡಿಗೆ ಬರೋರಿಗೆಲ್ಲ ಮೂರು ತಿಂಗಳಿಗೊಂದು ಸಲ ತಿರುಗಿಸಿ ಸಾಕು ಅಂತೀವಿ. ನಮ್ಮನೇಲಿ ಮಾತ್ರ ಯಾಕೆ ವಾರಕ್ಕೊಂದು ಸಲ?"

"ತಿರುಗಿಸಿದಷ್ಟೂ ಬಾಳಿಕೆ ಬರುತ್ತಮ್ಮ."

"ನಮ್ಮ ಸೊಂಟ ಬಾಳಿಕೆ ಬರೋದು ಬೇಡ್ವಾ?"

ಮಾವನವರು ನಕ್ಕು ದಿಂಬು ಜೋಡಿಸತೊಡಗಿದರು. ನಮ್ಮವರು ಅಪ್ಪನ ಎದುರು ತುಟಿ ಬಿಚ್ಚುವುದಿಲ್ಲ. ಕೋಣೆಯಿಂದ ಹೊರಗೆ ಬಂದ ಮೇಲೆ ಮಾತ್ರ, ಕಾಫಿ ಮುಗಿಯುವ ತನಕ ಗೊಣಗುತ್ತಾರೆ. ಇದು ನಮ್ಮ ಮನೆಯ ಭಾನುವಾರ.

ನಮ್ಮದು ಹಾಸಿಗೆ, ದಿಂಬುಗಳ ಅಂಗಡಿ. ಮುಂದೆ ಮಾರುವ ಕೋಣೆ, ಹಿಂದೆ ಹತ್ತಿ ಹಿಂಜುವ ಕೋಣೆ, ನಡುವೆ ಗಾಜಿನ ಬಾಗಿಲಿನ ಪುಟ್ಟ ಆಫೀಸು. ಮಾವನವರು ಆಯುಸ್ಸೆಲ್ಲ ಹಿಂದಿನ ಕೋಣೆಯಲ್ಲೇ ಸವೆಸಿದವರು. ದಬ್ಬಣ ಹಿಡಿದು ಹಾಸಿಗೆಯ ಅಂಚು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಅದೇ ಕೋಣೆಯ ಕಿಟಕಿಯ ಪಕ್ಕದಲ್ಲಿ ಅತ್ತೆ ಗವಸು ಹೊಲಿಯುತ್ತಿದ್ದರು. ಇಬ್ಬರೂ ದಿನವಿಡೀ ಒಂದೇ ಕೋಣೆಯಲ್ಲಿದ್ದರೂ ಮಾತು ಕಡಿಮೆ. ಹಿಂಜುವ ಯಂತ್ರದ ಸದ್ದಿನಲ್ಲಿ ಮಾತಾಡಿದರೂ ಕೇಳುತ್ತಿರಲಿಲ್ಲ ಅನ್ನಿ.

ಅತ್ತೆ ತೀರಿಕೊಂಡ ಮೇಲೆ ಮಾವನವರ ಕೆಮ್ಮು ಜೋರಾಯಿತು. ಹತ್ತಿಯ ಧೂಳು ಎದೆಯಲ್ಲಿ ಕೂತಿದೆ, ಇನ್ನು ಆ ಕೋಣೆಯ ಹೊಸ್ತಿಲು ತುಳಿಯಕೂಡದು ಎಂದರು ವೈದ್ಯರು. ಕೈ ಕಟ್ಟಿ ಕೂತು ಗೊತ್ತಿಲ್ಲದ ಮನುಷ್ಯ. ಬೆಳಗಾದರೆ ಅಂಗಡಿಗೆ ಬರುವುದು, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಕೆಲಸದವರಿಗೆ ಸಲಹೆ ಕೊಡುವುದು, ಕೆಮ್ಮುವುದು, ನಮ್ಮಿಂದ ಬೈಸಿಕೊಳ್ಳುವುದು. ನೋಡಿ ನೋಡಿ ನಮ್ಮವರು ಆಫೀಸಿನ ಕಂಪ್ಯೂಟರಿನ ಮುಂದೆ ಅವರನ್ನು ಕೂರಿಸಿದರು.

"ಅಪ್ಪ, ಅಂಗಡಿ ವೆಬ್‌ಸೈಟಿಗೆ ಏನಾದ್ರೂ ಬರೀತಿರು. ಹಾಸಿಗೆ ವಿಷಯ ನಿನಗಿಂತ ಇನ್ಯಾರಿಗೆ ಗೊತ್ತು?"

ಸಮಾಧಾನಕ್ಕೆ ಆಡಿದ ಮಾತು. ಮಾವನವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಪಾಸ್‌ವರ್ಡನ್ನು ಬಾಯಿಪಾಠ ಮಾಡಿದರು. ಒಂದೊಂದೇ ಬೆರಳಿನಿಂದ ಒತ್ತಿ ಒತ್ತಿ ಬರೆದರು. ಹತ್ತಿ ಒಳ್ಳೆಯದೋ ಕೆಟ್ಟದ್ದೋ ಮೂಸಿ ತಿಳಿಯುವುದು, ಬೆನ್ನು ನೋವಿನವರು ಎಂಥ ಹಾಸಿಗೆ ಕೊಳ್ಳಬೇಕು, ಹೀಗೆ. ಆಮೇಲೆ ಆದದ್ದು ನಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ. ಹಾಸಿಗೆ ಆರಿಸುವುದು ಹೇಗೆ ಎಂದು ಯಾರಾದರೂ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲ ಪುಟದಲ್ಲೇ ನಮ್ಮ ಅಂಗಡಿ ಕಾಣತೊಡಗಿತು. ಫೋನು ಹೊಡೆದುಕೊಳ್ಳತೊಡಗಿತು. ಮಾವನವರ ಕೆಮ್ಮು ಕೂಡ ಅರ್ಧ ಇಳಿಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ದಿನಕ್ಕೊಂದು ಬರೆಯತೊಡಗಿದರು. ಗೊತ್ತಿದ್ದದ್ದು ಮುಗಿಯಿತು, ಬರೆಯುವುದು ಮುಗಿಯಲಿಲ್ಲ. "ದಿಂಬಿನ ಗವಸು ಒಗೆಯುವ ಬಗೆ" ಎಂದೊಂದು, "ದಿಂಬಿನ ಗವಸನ್ನು ಒಗೆಯುವುದು ಹೇಗೆ" ಎಂದು ಇನ್ನೊಂದು, "ಗವಸು ಒಗೆದ ಮೇಲೆ ಏನು" ಎಂದು ಮತ್ತೊಂದು. "ಮಂಚದ ಕೆಳಗೆ ಏನಿರಬೇಕು?" ಎಂಬ ಲೇಖನವನ್ನು ಪೂರ್ತಿ ಓದಿದರೆ ಸಿಗುವ ಉತ್ತರ, ಏನೂ ಇರಬಾರದು. ನಾವು ಓದುತ್ತಲೇ ಇರಲಿಲ್ಲ. ಮಾವ ಸುಖವಾಗಿದ್ದಾರಲ್ಲ, ಅಷ್ಟು ಸಾಕು ಅಂದುಕೊಂಡಿದ್ದೆವು.

ಮೊದಲ ಪುಟದಿಂದ ಎರಡನೆಯದಕ್ಕೆ, ಅಲ್ಲಿಂದ ಯಾರೂ ಕಣ್ಣು ಹಾಯಿಸದ ಜಾಗಕ್ಕೆ ನಮ್ಮ ಅಂಗಡಿ ಜಾರುತ್ತ ಹೋದದ್ದು ಫೋನು ತಣ್ಣಗಾದ ಮೇಲೆಯೇ ನಮಗೆ ಗೊತ್ತಾಯಿತು. ನಮ್ಮವರು ವಿಚಾರಿಸಿ ಒಬ್ಬ ತಜ್ಞೆಯನ್ನು ಕರೆಸಿದರು. ಹುಡುಕಾಟದಲ್ಲಿ ಹಿಂದೆ ಬಿದ್ದ ವೆಬ್‌ಸೈಟುಗಳನ್ನು ಮೇಲೆತ್ತುವುದೇ ಆಕೆಯ ಕಸುಬು. ಬಂದವಳೇ ಲ್ಯಾಪ್‌ಟಾಪು ತೆರೆದು, ಯಾವಾಗಿನಿಂದ ಹೀಗೆ, ಮೊದಲು ಹೇಗಿತ್ತು ಎಂದೆಲ್ಲ ಕೇಳಿದ ರೀತಿ ನೋಡಿ ಮಾವನವರು ಅವಳಿಗೆ ಡಾಕ್ಟರಮ್ಮ ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

"ನಿಮ್ಮ ಸೈಟಲ್ಲಿ ಒಳ್ಳೇ ಲೇಖನ ಇಲ್ಲ ಅಂತಲ್ಲ," ಎಂದಳು ಡಾಕ್ಟರಮ್ಮ. "ಆದ್ರೆ ಒಂದು ಒಳ್ಳೇದರ ಸುತ್ತ ಇಪ್ಪತ್ತು ಜೊಳ್ಳು ಇದೆ. ಹಳೇದು, ಹೇಳಿದ್ದನ್ನೇ ಹೇಳಿದ್ದು, ನಾಲ್ಕು ಸಾಲಿನದು. ಇಡೀ ಸೈಟಿನ ಮೇಲೇ ನಂಬಿಕೆ ಹೋಗುತ್ತೆ. ಅದಿರಲಿ, ನನಗೆ ಇನ್ನೊಂದು ಅರ್ಥ ಆಗ್ತಿಲ್ಲ. ನಿಮ್ಮ ಲೇಖನಗಳ ದಿನಾಂಕ ವಾರವಾರ ಬದಲಾಗುತ್ತೆ. ಒಳಗೆ ಒಂದು ಹೊಸ ಅಕ್ಷರ ಇಲ್ಲ, ಪ್ಯಾರಾಗಳು ಮಾತ್ರ ಮೇಲೆ ಕೆಳಗೆ ಆಗಿರುತ್ತೆ. ಯಾರಾದ್ರೂ ಸೈಟಿನೊಳಗೆ ನುಗ್ಗಿದ್ದಾರಾ ಅಂತ ಅನುಮಾನ ನನಗೆ."

ಮಾವನವರ ಮುಖ ಅರಳಿತು.

"ಅದು ನಾನೇ," ಎಂದರು. "ತಿರುಗಿಸಿ ಹಾಕ್ತೀನಿ."

"ಅಂದ್ರೆ?"

"ಬರೆದಿದ್ದು ಒಂದೇ ಕಡೆ ಬಿದ್ದಿದ್ರೆ ಜಡ್ಡುಗಟ್ಟುತ್ತಲ್ಲಮ್ಮ. ಅದಕ್ಕೆ ದಿನಾ ಬೆಳಿಗ್ಗೆ ಕೂತು ಒಂದಷ್ಟು ತಿರುಗಿಸ್ತೀನಿ. ಕೊನೇ ಪ್ಯಾರಾ ತಲೆ ಕಡೆಗೆ, ಮೊದಲನೇದು ಕಾಲ ಕಡೆಗೆ. ಇವತ್ತಿನ ತಾರೀಕು ಹಾಕಿಬಿಡ್ತೀನಿ. ಹಾಸಿಗೆ ಹಾಗೇ ಅಲ್ವಾ ಬಾಳೋದು?"

ಡಾಕ್ಟರಮ್ಮ ನಕ್ಕಳು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಜಗತ್ತಿನಲ್ಲಿ ಇನ್ಯಾವ ಅಂಗಡಿಯವರೂ ಮಾಡಲಾರದ ತಪ್ಪು ಅದು. "ಹಾಗಾದರೆ ನಮಸ್ಕಾರ" ಎಂದು ಶುರುವಾಗಿ "ಹಾಸಿಗೆ ಎಂದರೇನು?" ಎಂದು ಮುಗಿಯುವ ಲೇಖನಗಳನ್ನು ಆವತ್ತು ನಾವು ಕಣ್ಣಾರೆ ಕಂಡೆವು.

ನಮ್ಮವರು ನಗಲಿಲ್ಲ. ಅಪ್ಪನ ಎದುರು ಎಂದೂ ದನಿ ಎತ್ತದವರು ಆವತ್ತು ಎತ್ತಿದರು. "ಅಪ್ಪ, ಅಂಗಡಿ ಮುಳುಗ್ತಾ ಇದೆ. ನೀನು ಕೂತು ಪ್ಯಾರಾ ತಿರುಗಿಸ್ತಾ ಇದೀಯ. ಬರೆದುಕೊಡೋ ಕಂಪನಿ ಒಂದಿದೆ, ಹಳೇದೆಲ್ಲ ಅಳಿಸಿ ಹೊಸದಾಗಿ ಅವರೇ ಬರೀತಾರೆ. ಪಾಸ್‌ವರ್ಡ್ ಬದಲಾಯಿಸಿಬಿಡ್ತೀನಿ. ನೀನು ಆರಾಮಾಗಿ ಮನೇಲಿರು."

ಮಾವನವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡಿದರು. "ಹಿಂದಿನ ಕೋಣೆ ಡಾಕ್ಟರು ಕಿತ್ಕೊಂಡ್ರು," ಎಂದರು. "ಇದನ್ನೂ ನೀನು ಕಿತ್ಕೊಂಡ್ರೆ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಪ್ಪ?"

ಮನಸ್ಸು ಕರಗಿದಾಗಲೆಲ್ಲ ನನ್ನ ಬಾಯಿಂದ ಜಗಳವೇ ಬರುತ್ತದೆ. "ಯಾರೂ ಏನೂ ಅಳಿಸೋದು ಬೇಡ," ಎಂದು ನಮ್ಮವರ ಮೇಲೆ ಹರಿಹಾಯ್ದೆ. "ನಾನು ಮಾವ ಕೂತು ಶುದ್ಧ ಮಾಡ್ತೀವಿ. ಚಳಿಗಾಲ ಶುರುವಾಗೋ ತನಕ ಸಮಯ ಕೊಡಿ. ಆಗಲೂ ಸೈಟು ಮೇಲೇಳದಿದ್ರೆ ನಿಮ್ಮ ಕಂಪನಿ ಕರ್ಕೊಂಡು ಬನ್ನಿ."

ನಮ್ಮವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಚಳಿಗಾಲಕ್ಕೆ ರಜಾಯಿ, ದಪ್ಪ ಹಾಸಿಗೆಗಳ ವ್ಯಾಪಾರ. ಅಷ್ಟರೊಳಗೆ ಆಗಬೇಕು, ಇಲ್ಲದಿದ್ದರೆ ಪಾಸ್‌ವರ್ಡ್ ಹೋಯಿತು ಎಂದರು. ಡಾಕ್ಟರಮ್ಮ ನಮಗೆ ದಾರಿ ತೋರಿಸಿದಳು. ಪ್ರತಿ ಲೇಖನವನ್ನೂ ಓದಬೇಕು. ಚೆನ್ನಾಗಿದ್ದರೆ ಉಳಿಸುವುದು. ವಿಷಯ ಒಳ್ಳೆಯದಿದ್ದು ಮಾತು ಹಳತಾಗಿದ್ದರೆ ತಿದ್ದುವುದು. ಒಂದೇ ಮಾತನ್ನು ಹಲವು ಕಡೆ ಹೇಳಿದ್ದರೆ ಎಲ್ಲ ಸೇರಿಸಿ ಒಂದು ಮಾಡಿ, ಹಳೆಯ ವಿಳಾಸಕ್ಕೆ ಬಂದವರು ಹೊಸದಕ್ಕೆ ಹೋಗಿ ಸೇರುವಂತೆ ಏರ್ಪಾಡು ಮಾಡುವುದು. ಯಾವುದಕ್ಕೂ ಆಗದಿದ್ದರೆ ತೆಗೆಯುವುದು. ಕಡೆಗೆ ಅವಳು ಬಾಗಿಲ ಹತ್ತಿರ ನಿಂತು, "ಇನ್ನು ತಿರುಗಿಸಿ ಹಾಕ್ಬೇಡಿ ಸರ್" ಎಂದಳು. ಮಾವನವರು ಮಕ್ಕಳ ಹಾಗೆ ತಲೆಯಾಡಿಸಿದರು.

ಊಟವಾದ ಮೇಲೆ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಆ ಹೊತ್ತಿನಲ್ಲಿ ನಾವಿಬ್ಬರೂ ಆಫೀಸಿನಲ್ಲಿ ಕೂರುತ್ತಿದ್ದೆವು. ನಾನು ಗಟ್ಟಿಯಾಗಿ ಓದಬೇಕು, ಮಾವನವರು ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡಬೇಕು. ಮೊದಮೊದಲು ಅವರಿಗೆ ಎಲ್ಲವೂ ಉಳಿಯಬೇಕಿತ್ತು. ಮಂಚದ ಕೆಳಗಿನ ಲೇಖನಕ್ಕಾಗಿ ಒಂದು ಮಧ್ಯಾಹ್ನವೆಲ್ಲ ಜಗಳವಾಡಿದೆವು.

"ಮಾವ, ಇದರಲ್ಲಿ ಏನಿದೆ ಹೇಳಿ?"

"ಏನೂ ಇರಬಾರದು ಅಂತ ಇದೆ."

"ಅದನ್ನ ಹೇಳೋಕೆ ಇಷ್ಟುದ್ದ ಬೇಕಿತ್ತಾ?"

"ಓದೋರಿಗೆ ಒಂದು ಕುತೂಹಲ ಬೇಡ್ವೇನಮ್ಮ?"

ಗವಸು ಒಗೆಯುವ ಲೇಖನಗಳ ಸರದಿ ಬಂದಾಗ ದಾರಿ ಸರಾಗವಾಯಿತು. ಎಲ್ಲವನ್ನೂ ಒಂದಾದ ಮೇಲೊಂದು ಓದಿದೆ. ಮಾವನವರು "ಹಳೇ ಹಾಸಿಗೆ ತಂದುಕೊಟ್ರೆ ನಾವೇನ್ ಮಾಡ್ತೀವಿ?" ಎಂದು ತಮ್ಮನ್ನೇ ಕೇಳಿಕೊಂಡರು. "ಬಿಚ್ತೀವಿ. ಹತ್ತಿ ಹಿಂಜ್ತೀವಿ. ಧೂಳು ಉದುರಿ ಹೋಗುತ್ತೆ. ಐದು ಹಾಸಿಗೆ ಹತ್ತೀಲಿ ಒಳ್ಳೇದು ಉಳಿಯೋದು ಮೂರಕ್ಕೆ. ಎಲ್ಲ ಬಿಚ್ಚಮ್ಮ." ಅವತ್ತಿನಿಂದ ಬಿಚ್ಚಿದೆವು. ನಾನು ಓದುವುದು, ಅವರು ಈ ಸಾಲು ಹತ್ತಿ, ಈ ಸಾಲು ಧೂಳು ಎಂದು ಹೇಳುತ್ತ ಹೋಗುವುದು. ನಿಜ ಹೇಳುತ್ತೇನೆ, ಆ ಮಧ್ಯಾಹ್ನಗಳು ನನಗೆ ಬಹಳ ಇಷ್ಟವಾದವು. ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಮಾವನವರ ಜೊತೆ ಅಷ್ಟು ಹೊತ್ತು ಕೂತು ಮಾತಾಡಿದ್ದು ಅದೇ ಮೊದಲು.

ಎಲ್ಲ ದಿನವೂ ಹಾಗಿರಲಿಲ್ಲ. ಫೋಮ್ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಎಂದು ಒಂದು ಕಡೆ ಬರೆದಿದ್ದರು. ಹತ್ತಿಗೆ ಬಿಸಿಲು ಒಳ್ಳೆಯದು, ಫೋಮಿಗೆ ಅದೇ ಬಿಸಿಲು ಶತ್ರು, ಪುಡಿಪುಡಿಯಾಗುತ್ತದೆ. ಮಾವನವರು ಮುಖ ಸಣ್ಣದು ಮಾಡಿಕೊಂಡು ಅದನ್ನು ತಿದ್ದಿಸಿದರು. ಅದರ ಮಾರನೆಯ ದಿನ ಎಳೆಮಕ್ಕಳ ಹಾಸಿಗೆಯ ಲೇಖನ ಬಂತು. ಕೂಸಿನ ತಲೆಯ ಕೆಳಗೆ ಮೆತ್ತನೆಯ ದಿಂಬು, ಸುತ್ತ ಮೆತ್ತೆಗಳು, ಹೀಗೆಲ್ಲ ಅದರಲ್ಲಿತ್ತು. ಒಂದು ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಈಗ ಕೂಸಿನ ಹತ್ತಿರ ದಿಂಬು, ಮೆತ್ತೆ ಏನೂ ಇಡಬೇಡಿ, ಉಸಿರು ಕಟ್ಟೀತು ಎಂದು ವೈದ್ಯರು ಹೇಳುತ್ತಾರೆ. ನಾನು ಅದನ್ನು ಹೇಳಿದೆ.

ಮಾವನವರು ಕಣ್ಣು ತೆರೆದರು. "ಯಾರಾದ್ರೂ ಓದಿರ್ತಾರಾ ಇದನ್ನ?"

ನೋಡಿದೆ. ಓದಿದ್ದರು. ಇಂಥ ಲೇಖನಗಳನ್ನು ಹೊಸ ತಾಯಂದಿರು ಹುಡುಕಿಕೊಂಡು ಬರುತ್ತಾರೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಸರಿ. ಈಗಲೇ ತೆಗಿ. ಇಲ್ಲ, ಕೊಡಿಲ್ಲಿ, ನಾನೇ ತೆಗೀತೀನಿ." ಅವರು ಕೈ ಚಾಚಿ ಗುಂಡಿ ಒತ್ತಿದರು. ಆಮೇಲೆ ಅದೇ ಜಾಗದಲ್ಲಿ ಮಗುವಿನ ಹಾಸಿಗೆಯಲ್ಲಿ ಮಗು ಬಿಟ್ಟು ಬೇರೇನೂ ಬೇಡ, ಉಳಿದದ್ದಕ್ಕೆ ನಿಮ್ಮ ವೈದ್ಯರನ್ನು ಕೇಳಿ ಎಂದು ನನ್ನಿಂದ ಬರೆಸಿದರು. "ನನ್ನ ದಿನಾಂಕ ಹೊಸದು, ಮಾತು ಹಳೇದು," ಎಂದರು. "ತಾರೀಕು ನೋಡಿ ಜನ ನಂಬ್ತಾರಲ್ಲಮ್ಮ." ಅವತ್ತು ಅವರು ಸಂಜೆಯ ಕಾಫಿ ಕುಡಿಯಲಿಲ್ಲ. ಆಮೇಲೆ ಯಾವ ಲೇಖನಕ್ಕೂ ನನ್ನ ಜೊತೆ ವಾದ ಮಾಡಲಿಲ್ಲ.

ವಾದ ಇಲ್ಲದ ಮೇಲೆ ಕೆಲಸ ಬೇಗ ಸಾಗಿತು. ಸೈಟು ಹಗುರವಾಗುತ್ತ ಬಂತು. ಡಾಕ್ಟರಮ್ಮ ಫೋನು ಮಾಡಿ, ಸ್ವಲ್ಪ ಸ್ವಲ್ಪವೇ ಮೇಲೆ ಬರ್ತಾ ಇದೆ, ಬಿಡಬೇಡಿ ಎಂದಳು. ನನಗೆ ಸಂತೋಷವಾಗಬೇಕಿತ್ತು. ಆದರೆ ಮಾವನವರು ಬೆಳಿಗ್ಗೆ ಬಂದು ಕಂಪ್ಯೂಟರಿನ ಮುಂದೆ ಕೂತು, ಅದನ್ನು ಶುರು ಮಾಡದೆ ಹಾಗೇ ಕಪ್ಪು ಪರದೆ ನೋಡುತ್ತಿರುವುದನ್ನು ಗಾಜಿನ ಬಾಗಿಲಿನಿಂದ ಎರಡು ಮೂರು ಸಲ ಕಂಡೆ. ತಿರುಗಿಸಿ ಹಾಕುವ ಹಾಗಿಲ್ಲ. ಹೊಸದು ಬರೆಯಲು ಧೈರ್ಯ ಇಲ್ಲ; ಏನು ಬರೆದರೂ ಯಾರಿಗೆ ಏನು ಕೆಡುಕಾಗುತ್ತದೋ ಎಂಬ ಭಯ ಹೊಕ್ಕಿತ್ತು. ನಾನು ಶುದ್ಧ ಮಾಡುತ್ತಿದ್ದೇನೋ, ಮಾವನವರನ್ನೇ ಖಾಲಿ ಮಾಡುತ್ತಿದ್ದೇನೋ ತಿಳಿಯಲಿಲ್ಲ. ನನಗೆ ಅಳು ಬಂತು, ಅದನ್ನು ನಮ್ಮವರ ಮೇಲೆ ಸಿಡುಕಿ ತೀರಿಸಿಕೊಂಡೆ.

"ನಾನೇನ್ ಮಾಡಿದೆ?" ಎಂದರು ಅವರು, ಊಟದ ತಟ್ಟೆ ಹಿಡಿದುಕೊಂಡು.

"ಏನೂ ಮಾಡ್ಲಿಲ್ಲ. ಅದೇ ತಪ್ಪು."

ಅವರು ಆವತ್ತು ರೇಗಲಿಲ್ಲ. "ನನಗೂ ಕಣ್ಣಿದೆ ಕಣೇ," ಎಂದರು. "ಆದ್ರೆ ಅಪ್ಪನಿಗೆ ಹೊತ್ತು ಹೋಗ್ಲಿ ಅಂತ ಅಂಗಡಿ ಸೈಟು ಕೊಡೋಕಾಗುತ್ತಾ? ನೀವು ಮುಗಿಸಿ. ಮುಗಿದ ಮೇಲೆ ಪಾಸ್‌ವರ್ಡ್ ನಾನು ಇಟ್ಕೋತೀನಿ. ಮೆತ್ತಗೆ ಹೇಳ್ತೀನಿ ಅಪ್ಪನಿಗೆ." ಆ ಮಾತಿನಲ್ಲಿ ಕೋಪವಿರಲಿಲ್ಲ, ಆದ್ದರಿಂದ ನನಗೆ ಜಗಳವಾಡಲೂ ದಾರಿಯಿರಲಿಲ್ಲ.

ಉಳಿದದ್ದು ಒಂದೇ ಪುಟ. ಡಾಕ್ಟರಮ್ಮ ಮೊದಲ ದಿನವೇ ಅದನ್ನು ಗುರುತು ಮಾಡಿ, ಇದರಷ್ಟು ಚಿಕ್ಕದು ಇನ್ನೊಂದಿಲ್ಲ, ಇದನ್ನು ಯಾರೂ ತೆರೆದೂ ಇಲ್ಲ, ಯೋಚಿಸದೆ ತೆಗೆಯಿರಿ ಎಂದಿದ್ದಳು. ನಾನು ಅದರ ಹತ್ತಿರ ಹೋದಾಗಲೆಲ್ಲ ಮಾವನವರು "ಅದು ಕೊನೆಗಿರಲಿ" ಅನ್ನುತ್ತಿದ್ದರು. ಅದಕ್ಕೆ ತಲೆಬರಹ, "ಜೋಡಿ ಹಾಸಿಗೆಯಲ್ಲಿ ಒಬ್ಬರೇ ಮಲಗುವವರಿಗೆ." ಮುಟ್ಟದೆ ಬಿಟ್ಟದ್ದು ಅದೊಂದೇ ಇರಬೇಕು, ಅದರ ದಿನಾಂಕವೂ ಹಳೆಯದೇ ಇತ್ತು, ಸಾಲುಗಳೂ ಬರೆದ ಹಾಗೇ ಇದ್ದವು.

ಆವತ್ತು ಮಧ್ಯಾಹ್ನ "ಇನ್ನು ಇದೇ ಮಾವ" ಎಂದೆ. ಅವರು ಎದ್ದರು. "ನೀರು ಕುಡಿದು ಬರ್ತೀನಿ. ಓದೋದೇನೂ ಬೇಡ, ತೆಗೆದುಬಿಡು" ಎಂದು ಹೊರಗೆ ಹೋದರು. ನೀರಿನ ಬಾಟಲಿ ಮೇಜಿನ ಮೇಲೆಯೇ ಇತ್ತು.

ನಾನು ಓದಿದೆ.

"ಜೋಡಿ ಹಾಸಿಗೆಯಲ್ಲಿ ಒಬ್ಬರೇ ಮಲಗಿದರೆ ಒಂದೇ ಬದಿ ತಗ್ಗಾಗುತ್ತದೆ, ಇನ್ನೊಂದು ಬದಿ ಉಬ್ಬಿಕೊಂಡು ಹೊಸದರ ಹಾಗೆ ಇರುತ್ತದೆ. ಅದನ್ನು ನೋಡಲು ಆಗುವುದಿಲ್ಲ. ವಾರಕ್ಕೊಮ್ಮೆ ತಲೆಕಡೆಯನ್ನು ಕಾಲಕಡೆಗೆ ತಿರುಗಿಸಿ ಹಾಕಿದರೆ ಎರಡೂ ಬದಿ ಒಂದೇ ಸಮ ತಗ್ಗಿ, ಬೆಳಿಗ್ಗೆ ಎದ್ದು ನೋಡಿದಾಗ ಇಬ್ಬರು ಮಲಗಿ ಎದ್ದ ಹಾಗೆ ಇರುತ್ತದೆ."

ಅಷ್ಟೇ ಇದ್ದದ್ದು.

ಎಷ್ಟು ಭಾನುವಾರ ಆ ಹಾಸಿಗೆಯ ತುದಿ ಹಿಡಿದು ನನ್ನ ಸೊಂಟದ ಬಗ್ಗೆ ಮಾತಾಡಿದ್ದೆ. ಎದ್ದು ಹೋಗಿ, ಗಿರಾಕಿಗೆ ದಿಂಬು ತೋರಿಸುತ್ತಿದ್ದ ನಮ್ಮವರನ್ನು ಕರೆದೆ. ಏನು ಎತ್ತ ಎಂದು ಹೇಳದೆ ಕುರ್ಚಿಯಲ್ಲಿ ಕೂರಿಸಿದೆ. ಅವರು ಓದಿದರು. ಮತ್ತೊಂದು ಸಲ ಓದಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಒರೆಸುತ್ತಲೇ ಇದ್ದರು. ಹೊರಗೆ ಗಿರಾಕಿ ದಿಂಬು ಒತ್ತಿ ನೋಡುತ್ತ ಕಾಯುತ್ತಿದ್ದ.

ಮಾವನವರು ಬಾಗಿಲು ತಳ್ಳಿಕೊಂಡು ಬಂದರು. ಮಗನನ್ನು ಕಂಡು ಅಲ್ಲೇ ನಿಂತರು.

"ತೆಗೆದ್ಯಾಮ್ಮ?"

"ಇಲ್ಲ."

"ಡಾಕ್ಟರಮ್ಮ ಹೇಳಿದ್ದು ಸರೀನೇ ಇದೆ. ಮೂರು ಸಾಲಿಂದ ಯಾರಿಗೇನು ಉಪಯೋಗ? ತೆಗಿ."

"ಮೂರು ಸಾಲಿದ್ರೆ ಉಳಿಸೋಕಾಗಲ್ಲ, ಅದು ನಿಜ," ಎಂದೆ. ನನ್ನ ದನಿ ಯಾಕೋ ಜಗಳದ ದನಿಯಾಗಿಯೇ ಬಂತು. "ಅದಕ್ಕೇ ಉದ್ದ ಮಾಡಿ. ಕೂತು ಬರೀರಿ."

"ಏನು ಬರೀಲಿ? ಎಲ್ಲಾದ್ರೂ ತಪ್ಪಾಗುತ್ತೆ."

"ಇದರಲ್ಲಿ ಏನು ತಪ್ಪಾಗುತ್ತೆ ಮಾವ? ನೀವು ಅದರ ಮೇಲೇ ಮಲಗ್ತಿದೀರಲ್ಲ."

ಮಾವನವರು ಮಗನ ಕಡೆ ನೋಡಿದರು. ನಮ್ಮವರು ಎದ್ದು ಕುರ್ಚಿಯನ್ನು ಅಪ್ಪನ ಕಡೆಗೆ ತಿರುಗಿಸಿ, "ಬರಿ ಅಪ್ಪ" ಎಂದಷ್ಟೇ ಹೇಳಿ ಗಿರಾಕಿಯ ಹತ್ತಿರ ಹೋದರು.

ಅವರು ಬರೆಯಲು ಬಹಳ ದಿನ ತೆಗೆದುಕೊಂಡರು. ಹಿಂದೆ ದಿನಕ್ಕೊಂದು ಮುಗಿಸುತ್ತಿದ್ದ ಮನುಷ್ಯ ಈಗ ಒಂದು ಸಾಲಿಗೆ ಅರ್ಧ ಗಂಟೆ ಕೂರುತ್ತಿದ್ದರು. ಒಬ್ಬರೇ ಮಲಗಿದರೆ ಹತ್ತಿ ಯಾವ ಕಡೆಗೆ ಸರಿಯುತ್ತದೆ, ಬೆನ್ನು ಯಾಕೆ ವಾರೆಯಾಗುತ್ತದೆ. ನಡುವೆ ಮಲಗಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಡುವೆ ನಿದ್ದೆ ಬರುವುದಿಲ್ಲ, ಇಷ್ಟು ವರ್ಷದ ಬದಿಯೇ ಬೇಕಾಗುತ್ತದೆ. ಜೋಡಿ ಹಾಸಿಗೆಯನ್ನು ಮಾರಿ ಚಿಕ್ಕದು ಕೊಳ್ಳುವ ಆತುರ ಮಾಡಬೇಡಿ, ಒಂದು ವರ್ಷವಾದರೂ ಇರಲಿ. ಬೇಕಾದರೆ ಒಂದೇ ಗವಸಿನೊಳಗೆ ಎರಡು ಭಾಗ ಮಾಡಿ ಹೊಲಿಸಿಕೊಳ್ಳಿ, ತಗ್ಗಾದ ಭಾಗಕ್ಕೆ ಮಾತ್ರ ಹತ್ತಿ ತುಂಬಬಹುದು. ಹಾಸಿಗೆಯ ಬಾಳಿಕೆಯ ದೃಷ್ಟಿಯಿಂದ ಮೂರು ತಿಂಗಳಿಗೊಮ್ಮೆ ತಿರುಗಿಸಿದರೆ ಸಾಕು ಎಂದು ಒಪ್ಪಿಕೊಂಡು ಬರೆದರು. ಹಳೆಯ ಸಾಲುಗಳನ್ನು ಹೊಡೆದುಹಾಕಲು ಹೊರಟಿದ್ದರು, ಅದು ಧೂಳಂತೆ. "ಅದನ್ನ ಮುಟ್ಟಿದ್ರೆ ನೋಡಿ" ಎಂದು ನಾನು ಮೌಸ್ ಕಿತ್ತುಕೊಂಡೆ. ಅವು ಕೊನೆಯಲ್ಲಿ ಉಳಿದವು.

ಡಾಕ್ಟರಮ್ಮ ಓದಿ ಫೋನು ಮಾಡಿದಳು. "ಕೊನೇ ಸಾಲುಗಳನ್ನ ಯಾರೂ ಹುಡುಕೋದಿಲ್ಲ," ಎಂದಳು. "ಆದ್ರೂ ಇರಲಿ." ಹುಡುಕಾಟದಲ್ಲಿ ಆ ಪುಟ ನಿಧಾನವಾಗಿ ಮೇಲೆ ಬಂತು, ಅದರ ಹಿಂದೆ ಗವಸಿನ ಲೇಖನ, ಆಮೇಲೆ ಉಳಿದವು. ಚಳಿ ಶುರುವಾಗುವ ಹೊತ್ತಿಗೆ ನಾವು ಮತ್ತೆ ಮೊದಲ ಪುಟದ ಕೆಳತುದಿಯಲ್ಲಿ ಕಾಣುತ್ತಿದ್ದೆವು. ಎರಡು ಭಾಗದ ಹಾಸಿಗೆ ಕೇಳಿಕೊಂಡು ಫೋನುಗಳು ಬಂದವು. ಎಲ್ಲರೂ ಆ ಲೇಖನ ಬರೆದವರ ಹತ್ತಿರ ಮಾತಾಡಬೇಕು ಅನ್ನುತ್ತಿದ್ದರು. ನಮ್ಮವರು ಆಫೀಸಿನ ಮೇಜಿನ ಮೇಲೆ ಅಪ್ಪನಿಗೆಂದೇ ಒಂದು ಫೋನು ಹಾಕಿಸಿದರು. ಪಾಸ್‌ವರ್ಡ್ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಒಂದು ದಿನ ನಾನು ಪಕ್ಕದಲ್ಲಿದ್ದಾಗ ಒಬ್ಬ ಹೆಂಗಸು ಫೋನು ಮಾಡಿದ್ದಳು. ಅವಳಿಗೆ ಹಾಸಿಗೆ ಬೇಡವಾಗಿತ್ತು. ಬೇರೇನೋ ಕೇಳಿದಳು. ಮಾವನವರು ಗಂಟಲು ಸರಿ ಮಾಡಿಕೊಂಡು ಹೇಳಿದರು, "ಒಬ್ಬರಿಗೇ ತಿರುಗಿಸೋದು ಕಷ್ಟ ತಾಯಿ, ಬೆನ್ನು ಹಿಡ್ಕೊಳ್ಳುತ್ತೆ. ಯಾರನ್ನಾದ್ರೂ ಕರ್ಕೊಳ್ಳಿ. ಯಾಕೆ ಅಂತ ಹೇಳ್ಬೇಕಾಗಿಲ್ಲ. ಬಾಳಿಕೆಗೆ ಅಂತ ಹೇಳಿ." ಫೋನು ಇಟ್ಟು ನನ್ನ ಕಡೆ ನೋಡಿ, ಸಿಕ್ಕಿಬಿದ್ದವರ ಹಾಗೆ ನಕ್ಕರು.

ಆ ವಾರದ ಭಾನುವಾರ ಬೆಳಿಗ್ಗೆ ನಾನು ಕಾಫಿಗೆ ಇಡುತ್ತಿದ್ದೆ. ಮಾವನವರು ನಮ್ಮನ್ನು ಕರೆಯಲಿಲ್ಲ. ಹೊತ್ತು ಮೀರಿದರೂ ಕೋಣೆಯಿಂದ ಸದ್ದಿಲ್ಲ. ನಮ್ಮವರು ಪತ್ರಿಕೆ ಮಡಿಸಿಟ್ಟು ಎದ್ದರು, ನನಗೂ ಬಾ ಎಂದು ತಲೆಯಾಡಿಸಿದರು. ಮಾವನವರು ಕಿಟಕಿಯ ಹತ್ತಿರ ನಿಂತಿದ್ದರು. ಹಾಸಿಗೆಯ ಮೇಲೆ ಹೊದಿಕೆ ಇರಲಿಲ್ಲ. ಅವರ ಬದಿಯಲ್ಲೊಂದು, ಅತ್ತೆಯ ಬದಿಯಲ್ಲೊಂದು, ಎರಡು ತಗ್ಗುಗಳು ಒಂದೇ ಸಮ ಕಾಣುತ್ತಿದ್ದವು.

ನಮ್ಮವರು ಒಂದು ತುದಿಗೆ ಹೋಗಿ ಬಗ್ಗಿದರು.

"ಇರಲಿ ಬಿಡಪ್ಪ," ಎಂದರು ಮಾವನವರು. "ನಿಮಗೂ ಸುಸ್ತು. ಮೂರು ತಿಂಗಳಿಗೊಂದು ಸಲ ಸಾಕು ಅಂತ ನಾನೇ ಬರೆದಿದೀನಲ್ಲ."

"ಅದು ಗಿರಾಕಿಗಳಿಗೆ ಅಪ್ಪ," ಎಂದರು ನಮ್ಮವರು. "ನೀನು ಮೆಲ್ಲಗೆ ಅನ್ನು. ನಾವು ಎತ್ತುತೀವಿ."